ಮೀನಿನ ತಲೆಯ ಪ್ರಶ್ನೆ

ನಮ್ಮ ಚಿಕ್ಕಪ್ಪನನ್ನು ‘ಊಟ ಆಯಿತಾ?’ ಎಂದು ಕೇಳಿ ನೋಡಿ. ಉತ್ತರ ಬರುವುದಿಲ್ಲ, ನಿಮ್ಮ ಪ್ರಶ್ನೆಗೆ ಅಂಕ ಬರುತ್ತದೆ. “ಹೌದು, ಇಲ್ಲ ಅಂತ ಮುಗಿಯುವುದೆಲ್ಲ ಎಂತ ಪ್ರಶ್ನೆ ಮಾರಾಯ?”

ಬಂದರಿನ ಮೀನು ವ್ಯಾಪಾರವನ್ನು ಮಗನಿಗೆ ಬಿಟ್ಟುಕೊಟ್ಟ ಮೇಲೆ ಅವರು ಮೀನುಪ್ರಿಯರ ವಾಟ್ಸ್ಆ್ಯಪ್ ಗುಂಪು ಸೇರಿದರು. ಅಲ್ಲಿ ಉಳಿದವರು ಫೋಟೊ ಹಾಕಿದರೆ ಇವರು ಪ್ರಶ್ನೆ ಹಾಕುತ್ತಾರೆ. ಮೊದಲನೆಯದು, ಬಂಗುಡೆ ಮೇಲೋ ಬೂತಾಯಿ ಮೇಲೋ? ಉತ್ತರಗಳ ರಾಶಿ ಬಿತ್ತು. ಚಿಕ್ಕಪ್ಪನಿಗೆ ಸಮಾಧಾನವಿಲ್ಲ. ಅದು ಚುನಾವಣೆಯಾಯಿತೇ ಹೊರತು ಪ್ರಶ್ನೆಯಾಗಲಿಲ್ಲವಂತೆ. ಎರಡನೆಯದು, ಸಾರಿಗೆ ತೆಂಗಿನಕಾಯಿ ಹುರಿಯಬೇಕೇ ಬೇಡವೇ ಎಂಬುದು. ಸಂಜೆಯೊಳಗೆ ಇಬ್ಬರು ಗುಂಪು ಬಿಟ್ಟರು. ಇಬ್ಬರೂ ಒಂದೇ ಮನೆಯವರು, ಗಂಡ ಹೆಂಡತಿ! ಅಡ್ಮಿನ್ ನಿಯಮ ತಂದರು: ಚಿಕ್ಕಪ್ಪನಿಗೆ ವಾರಕ್ಕೆ ಒಂದೇ ಪ್ರಶ್ನೆ.

ಅಂದಿನಿಂದ ಅವರು ಕುಳಿತಲ್ಲಿ ಕುಳಿತವರಲ್ಲ. ಪ್ರಶ್ನೆ ಹಾಕಿದ ಮೇಲಂತೂ ಯಾರು ನೋಡಿದರು ಎಂಬ ಪಟ್ಟಿ ತೆರೆಯುವುದು, ಮುಚ್ಚುವುದು, ಮತ್ತೆ ತೆರೆಯುವುದು. ಅದರಲ್ಲಿ ಅವರು ಹುಡುಕುತ್ತಿದ್ದುದು ಒಂದೇ ಹೆಸರನ್ನು ಎಂದು ನನಗೆ ತಿಳಿದದ್ದು ತಡವಾಗಿ. ತೊಕ್ಕೊಟ್ಟಿನಲ್ಲಿರುವ ಅವರ ಅಕ್ಕ, ನನ್ನ ದೊಡ್ಡತ್ತೆ. ಮೂರು ವರ್ಷದ ಹಿಂದೆ ಅತ್ತೆಯ ಮಗಳ ಮದುವೆಯಲ್ಲಿ, ಬಡಿಸುವವರು ತಾವು ಕುಳಿತ ಸಾಲನ್ನು ಮರೆತರೆಂದು ಚಿಕ್ಕಪ್ಪ ಎಲೆ ಬಿಟ್ಟು ಎದ್ದು ಬಂದಿದ್ದರು. ಆಮೇಲೆ ಮಾತಿಲ್ಲ. ಅತ್ತೆ ಗುಂಪಿನಲ್ಲಿದ್ದಾರೆ, ಎಲ್ಲವನ್ನೂ ನೋಡುತ್ತಾರೆ, ಒಂದಕ್ಷರ ಬರೆಯುವುದಿಲ್ಲ. ನೇರವಾಗಿ ಫೋನ್ ಮಾಡಬಾರದೇ ಎಂದು ಕೇಳಿದೆ. ಅದೂ ಒಳ್ಳೆಯ ಪ್ರಶ್ನೆಯಲ್ಲವಂತೆ.

ನಾನು ಪತ್ರಿಕೆಯವನಾದ್ದರಿಂದ ಸಲಹೆಗೆ ನನ್ನಲ್ಲಿಗೇ ಬಂದರು. ಹೊಸ ವರದಿಗಾರರಿಗೆ ಹೇಳುವುದನ್ನೇ ಹೇಳಿದೆ: ಅಭಿಪ್ರಾಯ ಕೇಳಬೇಡಿ, ಕಂಡದ್ದನ್ನು ಕೇಳಿ.

ಕಳೆದ ಆದಿತ್ಯವಾರ ಇಬ್ಬರೂ ಕ್ಷೌರಕ್ಕೆ ಹೋಗಿದ್ದೆವು. ಚಿಕ್ಕಪ್ಪನ ಬಲಗೆನ್ನೆ ಮುಗಿದಿತ್ತು, ಎಡಗೆನ್ನೆಯಲ್ಲಿ ನೊರೆ. ಆಗ ಅವರು ಕ್ಷೌರಿಕರನ್ನು ಕೇಳಿದರು: “ಸಣ್ಣವರಿರುವಾಗ ನಿಮ್ಮ ಮನೆಯಲ್ಲಿ ಮೀನಿನ ತಲೆ ಯಾರ ಬಟ್ಟಲಿಗೆ ಹೋಗ್ತಿತ್ತು?”

ಕತ್ತಿ ಗಾಳಿಯಲ್ಲೇ ನಿಂತಿತು. ಅಣ್ಣನ ಬಟ್ಟಲಿಗೆ ಹೋಗುತ್ತಿತ್ತಂತೆ. ನಲವತ್ತು ವರ್ಷದ ಅನ್ಯಾಯವೆಲ್ಲ ಹೊರಗೆ ಬಂತು, ಎಡಗೆನ್ನೆ ಮರೆತೇಹೋಯಿತು. “ಪಾಸ್” ಎಂದವರೇ ಚಿಕ್ಕಪ್ಪ ಕುರ್ಚಿಯಲ್ಲಿ ಕುಳಿತೇ ಪ್ರಶ್ನೆಯನ್ನು ಗುಂಪಿಗೆ ಹಾಕಿದರು.

ಅಪ್ಪನಿಗೆ, ಅಜ್ಜಿಗೆ, ಬೆಕ್ಕಿಗೆ ಎಂದು ಉತ್ತರಗಳು ಬೀಳತೊಡಗಿದವು. ಚಿಕ್ಕಪ್ಪ ಒಂದನ್ನೂ ಓದಲಿಲ್ಲ. ಪಟ್ಟಿ ತೆರೆದರು, ಮುಚ್ಚಿದರು, ಕಾಲು ಕುಣಿಸಿದರು. ಆಮೇಲೆ ಫೋನನ್ನು ನನ್ನ ಕೈಗೆ ಕೊಟ್ಟು, ಓದು ಎಂದರು.

ದೊಡ್ಡತ್ತೆ ಬರೆದಿದ್ದರು: “ನಿನಗೆ. ಕೊಡದಿದ್ರೆ ಬಟ್ಟಲು ದೂಡಿ ಎದ್ದು ಹೋಗ್ತಿದ್ದಿ. ಈಗಲೂ ಹಾಗೆಯೇ.”

ಓದಿ ಮುಗಿಸುವಷ್ಟರಲ್ಲಿ ಇನ್ನೊಂದು ಸಾಲು ಬಂತು, ಅದನ್ನೂ ಓದಿದೆ: “ಇವತ್ತು ಅಂಜಲ್ ಉಂಟು. ತಲೆ ತೆಗೆದಿಟ್ಟಿದ್ದೇನೆ. ಬರ್ತಿಯಾ?”

ಹೌದು, ಇಲ್ಲ ಎಂದು ಮುಗಿಯುವ ಪ್ರಶ್ನೆ. ಚಿಕ್ಕಪ್ಪ ಅದಕ್ಕೆ ಅಂಕ ಕೊಡಲಿಲ್ಲ. ಎದ್ದುಹೋಗಿ ತೊಕ್ಕೊಟ್ಟಿನ ಬಸ್ಸು ಹತ್ತಿದರು. ಕಿಟಕಿಯಲ್ಲಿ ಕಂಡಾಗ ಎಡಗೆನ್ನೆಯ ನೊರೆ ಹಾಗೆಯೇ ಇತ್ತು. ಕಣ್ಣಿನ ಕೆಳಗಿನಿಂದ ಒಂದು ಗೆರೆ ಮಾತ್ರ ತೊಳೆದುಹೋಗಿತ್ತು.