ನಿಂತು ತಿಂದದ್ದಕ್ಕೆ ಲೆಕ್ಕವಿಲ್ಲ

ನನಗೆ ಹೃದಯದ ಕಾಯಿಲೆ ಬರುವ ಹಾಗೇ ಇರಲಿಲ್ಲ. ಮಧ್ಯಾಹ್ನ ಒಂದು ಮುದ್ದೆ, ಸೊಪ್ಪಿನ ಸಾರು. ರಾತ್ರಿ ಎರಡು ಚಪಾತಿ. ಬರಬೇಕಾದದ್ದು ನಮ್ಮ ಮಹಡಿಯಲ್ಲಿ ಬಾಡಿಗೆಗಿರುವ ಪಂಜಾಬಿನ ಹರ್ಜೀತಳಿಗೆ. ಬೆಳಿಗ್ಗೆಯೇ ಪರೋಟದ ಮೇಲೆ ನಿಂಬೆಹಣ್ಣಿನ ಗಾತ್ರ ಬೆಣ್ಣೆ ಇಟ್ಟುಕೊಳ್ಳುವವಳು! ಅವಳನ್ನು ಉಳಿಸಬೇಕೆಂದೇ ಶ್ರೀರಾಂಪುರದ ಒಂದು ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಅವಳಿಗೆ ಧೈರ್ಯ ಬರಲಿ ಎಂದು ನನ್ನ ರಕ್ತವನ್ನೂ ಪರೀಕ್ಷೆಗೆ ಕೊಟ್ಟೆ.

ಅವಳದು ಸರಿಯಾಗಿತ್ತು. ನನ್ನದರಲ್ಲಿ ಕೊಲೆಸ್ಟ್ರಾಲ್ ಏರಿತ್ತು!

"ಅದಲುಬದಲಾಗಿದೆ ಕಣಮ್ಮ, ಇದು ಅವಳ ರಕ್ತ" ಎಂದೆ.

ಡಾಕ್ಟರಮ್ಮ ಒಪ್ಪಲಿಲ್ಲ. "ಅವರು ದಿನಾ ಒಂದು ಗಂಟೆ ನಡೀತಾರಂತೆ ಅಜ್ಜಿ. ಪಂಜಾಬಾಗಲಿ ಮೈಸೂರಾಗಲಿ, ನಮ್ಮ ದೇಶದ ಹೆಂಗಸರಿಗೆ ಈ ಅಪಾಯ ಇದ್ದೇ ಇದೆ. ಸಣ್ಣಗಿದ್ರೂ ಬಿಡಲ್ಲ. ಒಂದು ತಿಂಗಳು ತಿಂದಿದ್ದನ್ನೆಲ್ಲ ಬರ್ಕೊಂಡು ಬನ್ನಿ."

ನಾನು ಎರಡನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು. ಆದರೂ ನಾಲಿಗೆ ಕಚ್ಚಿಕೊಂಡು ಬರೆದೆ. ಮುದ್ದೆ. ಸಾರು. ಚಪಾತಿ. ಹಾಳೆ ತುಂಬಾ ಅದೇ.

ಎರಡನೇ ಸಲ ಇನ್ನೂ ಏರಿತ್ತು! ಡಾಕ್ಟರಮ್ಮ ಪಟ್ಟಿ ನೋಡಿದರು, ರಿಪೋರ್ಟ್ ನೋಡಿದರು, ನನ್ನ ಮುಖ ನೋಡಿದರು. "ಇಷ್ಟು ಕಮ್ಮಿ ತಿಂದೂ ಹಿಂಗೆ ಅಂದ್ರೆ ಒಳಗೇ ಏನೋ ಇದೆ. ನಾಡಿದ್ದು ಸೊಸೇನ ಕರ್ಕೊಂಡು ಬನ್ನಿ. ಹಾರ್ಟಿಗೆ ದೊಡ್ಡ ಪರೀಕ್ಷೆ ಮಾಡಿಸಬೇಕು."

ನನ್ನ ತಂಗಿ ರೊಟ್ಟಿ ತಟ್ಟುತ್ತಾ ಕೂತಲ್ಲೇ ಹೋದವಳು. ಎರಡು ದಿನ ಎದೆ ಮುಟ್ಟಿ ಮುಟ್ಟಿ ನೋಡಿಕೊಂಡೆ. ಕೆಮ್ಮಿದರೂ ಭಯ, ತೇಗಿದರೂ ಭಯ. ಸೊಸೆ ಲತಾಳನ್ನು ಕರೆದು ಕೊನೆ ಮಾತು ಹೇಳಿಬಿಟ್ಟೆ. "ಎರಡೆಳೆ ಸರ ನಿಂಗೆ ಕಣೆ" ಎಂದಾಗ ಅತ್ತಳು. "ಬಳೆ ನಿನ್ನ ನಾದಿನಿಗೆ" ಎಂದಾಗ ಅಳು ನಿಲ್ಲಿಸಿದಳು!

ಆಸ್ಪತ್ರೆಯಲ್ಲಿ ಲತಾ ನನ್ನ ಪಟ್ಟಿ ಓದಿದಳು. ಮತ್ತೆ ಓದಿದಳು.

"ಅತ್ತೆ, ತುಪ್ಪ ಕಾಸಿದ್ ಪಾತ್ರೆಗೆ ಅನ್ನ ಕಲಸ್ಕೊಂಡ್ ತಿಂದ್ರಲ್ಲ, ಅದೆಲ್ಲಿ?"

"ಅದು ಊಟನೇನೆ? ಪಾತ್ರೆ ಬಳಿದಿದ್ದು!"

"ಮಕ್ಕಳು ಬಿಟ್ಟಿದ್ ಬೆಣ್ಣೆ ದೋಸೆ?"

"ತಿಪ್ಪೆಗೆ ಎಸೀಬೇಕಿತ್ತಾ?"

"ಬೋಂಡಾ?"

"ಉಪ್ಪು ನೋಡ್ದೆ ಕಣೆ!"

"ಒಂಬತ್ ಬೋಂಡಾದಲ್ಲೂ ನೋಡುದ್ರಾ?"

ನಮ್ಮತ್ತೆಯ ಕಾಲದಿಂದಲೂ ಇದೇ ಪದ್ಧತಿ. ತಟ್ಟೆ ಮುಂದೆ ಕೂತು ತಿಂದದ್ದು ಊಟ. ಅಡುಗೆಮನೆಯಲ್ಲಿ ನಿಂತು ಬಾಯಿಗೆ ಹಾಕಿಕೊಂಡದ್ದು ಮನೆಗೆಲಸ. ಅದನ್ನೆಲ್ಲ ಬರೆಯುತ್ತಾರೆಯೇ?

ಡಾಕ್ಟರಮ್ಮ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಗುವೋ ಅಳುವೋ ತಿಳಿಯಲಿಲ್ಲ.

"ದೊಡ್ಡ ಪರೀಕ್ಷೆ ಸದ್ಯಕ್ಕೆ ಬೇಡ. ಈ ಮಾತ್ರೆ ತಗೊಳ್ಳಿ, ದಿನಾ ನಡೀರಿ. ಇನ್ಮೇಲೆ ನಿಂತ್ಕೊಂಡು ಒಂದಗಳೂ ತಿನ್ನಬೇಡಿ ಅಜ್ಜಿ!"

ಡಾಕ್ಟರ ಮಾತು ಮೀರುವವಳಲ್ಲ ನಾನು. ಒಲೆಯ ಪಕ್ಕದಲ್ಲಿ ಒಂದು ಸ್ಟೂಲು ಹಾಕಿಸಿಕೊಂಡಿದ್ದೇನೆ!