ಎಡಗೈಯಲ್ಲಿ ಹೊಲಿದ ಬೆಕ್ಕು

ಟೈಲರ್ ಮಾಸ್ಟರ ಇಸ್ತ್ರಿ ಪೆಟ್ಟಿಗೆಗೆ ಮೇಜಿನ ಎಡತುದಿಯಲ್ಲಿ ಹದಿನೈದು ವರ್ಷದಿಂದ ಒಂದು ಜಾಗವಿತ್ತು. ಗಿರಾಕಿ ಕರೆದರೂ, ಫೋನು ಬಂದರೂ, ಬರೀ ಸೀನು ಬಂದರೂ ಅವರ ಕೈ ತಾನಾಗಿಯೇ ಹೋಗಿ ಪೆಟ್ಟಿಗೆಯನ್ನು ಅಲ್ಲಿ ಕೂರಿಸಿ ಬರುತ್ತಿತ್ತು. ಆ ಬೆಳಿಗ್ಗೆ ಮಗಳು ಕೊಟ್ಟುಹೋದ ಪೊಟ್ಟಣಕ್ಕೆ ಇಡೀ ಅಂಗಡಿಯಲ್ಲಿ ಅತ್ಯಂತ ಸುರಕ್ಷಿತವಾದ ಜಾಗ ಯಾವುದೆಂದು ಯೋಚಿಸಿ, ಮಾಸ್ಟರು ಅದನ್ನು ಅಲ್ಲಿಯೇ ಇಟ್ಟರು.

ಪೊಟ್ಟಣದೊಳಗೆ ಇದ್ದದ್ದು ಒಂದು ಬೆಕ್ಕು. ಮೂರನೇ ತರಗತಿಯ ಮಗಳು, ಮನೆಯವರೆಲ್ಲ ಚೂಟಿ ಎಂದು ಕರೆಯುವವಳು, ಅಂಗಡಿಯ ಚಿಂದಿಗಳನ್ನು ಆರಿಸಿ, ನೀಲಿ ಬಟ್ಟೆಯ ಮೇಲೆ ಹಳದಿ ಬೆಕ್ಕನ್ನು ಹೊಲಿದಿದ್ದಳು. ಶಾಲೆಯಲ್ಲಿ ಮಕ್ಕಳ ಕೈಕೆಲಸದ ಸ್ಪರ್ಧೆ. ಬಸ್ಸಿನ ನೂಕಾಟದಲ್ಲಿ ಮುದುಡಿಹೋಗುತ್ತದೆ, ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ನೀನೇ ತಂದುಕೊಡು ಎಂದು ಅಪ್ಪನಿಗೆ ಒಪ್ಪಿಸಿದ್ದಳು. ಒಪ್ಪಿಸುವ ಮೊದಲು ಹಳೆಯ ಪತ್ರಿಕೆಯಲ್ಲಿ ಸುತ್ತಿ, ಸುತ್ತಲೂ ಟೇಪು ಬಿಗಿದು, ತನ್ನ ತಲೆಯ ಮೇಲೆ ಅಪ್ಪನ ಕೈ ಇರಿಸಿಕೊಂಡು ಆಣೆ ಮಾಡಿಸಿದ್ದಳು.

"ಬಿಚ್ಚಿ ನೋಡ್ಬಾರ್ದು. ಸರಿ ಮಾಡ್ಬಾರ್ದು."

ಅದಕ್ಕೆ ಕಾರಣವಿತ್ತು. ಹೋದ ವರ್ಷ ಅವಳು ಕರವಸ್ತ್ರದ ಮೇಲೆ ಹೊಲಿದ ಹೂವಿನ ಒಂದು ಎಲೆ ಸ್ವಲ್ಪ ವಾಲಿದೆಯೆಂದು ಮಾಸ್ಟರು ಅದನ್ನು ನೆಟ್ಟಗೆ ಮಾಡಲು ಹೋಗಿದ್ದರು. ಎಲೆ ನೆಟ್ಟಗಾದ ಮೇಲೆ ದಂಟು ಸೊಟ್ಟ ಕಂಡಿತು. ದಂಟಾದ ಮೇಲೆ ಹೂವು. ತೀರ್ಪುಗಾರರು 'ದೊಡ್ಡವರ ಕೈಕೆಲಸ' ಎಂದು ಚೀಟಿ ಅಂಟಿಸಿ ಅದನ್ನು ಸ್ಪರ್ಧೆಯಿಂದ ಹೊರಗಿಟ್ಟರು. ಚೂಟಿ ಒಂಬತ್ತು ದಿನ ಅಪ್ಪನ ಜೊತೆ ಮಾತು ಬಿಟ್ಟಳು. ಊಟದ ಹೊತ್ತಿಗೆ, "ಟೈಲರ್‌ಗೆ ಇನ್ನೂ ಅನ್ನ ಬೇಕಾ ಅಂತ ಕೇಳಮ್ಮ" ಅನ್ನುತ್ತಿದ್ದಳು. ಇನ್ನೊಮ್ಮೆ ಅಂಥ ಒಂಬತ್ತು ದಿನ ಕಳೆಯುವುದು ತಮ್ಮಿಂದಾಗದು ಎಂದು ಮಾಸ್ಟರಿಗೆ ಗೊತ್ತಿತ್ತು.

ಹತ್ತು ಗಂಟೆಗೆ ಒಂದು ಪ್ಯಾಂಟಿಗೆ ಇಸ್ತ್ರಿ ಹಾಕುತ್ತಿದ್ದಾಗ ಯಾರೋ ಬಂದು ತಮ್ಮ ಅಂಗಿ ಆಯಿತೇ ಎಂದು ಕೇಳಿದರು. ಮಾಸ್ಟರು ಅಂಗಿ ಹುಡುಕಲು ಹೋದರು. ಅವರ ಕೈ ಎಂದಿನಂತೆ ತನ್ನ ಕೆಲಸ ಮಾಡಿತು.

ವಾಸನೆ ಮೊದಲು ತಲುಪಿದ್ದು ಮೂಲೆಯಲ್ಲಿ ಕೂತು ಗುಂಡಿ ಹೊಲಿಯುವ ಅಜ್ಜಿಗೆ. "ಏನೋ ಸುಡ್ತಾ ಇದೆ ಕಣೋ" ಎಂದು ಅವರು ಹೇಳುವಷ್ಟರಲ್ಲಿ ಪತ್ರಿಕೆಯ ನಡುವೆ ದೋಣಿಯಾಕಾರದ ಕಪ್ಪು ತೂತು ಬಿದ್ದಿತ್ತು. ಹಳದಿ ಚಿಂದಿ ನೈಲಾನಿನದು. ಬೆಕ್ಕಿನ ಬಹುಭಾಗ ಪೆಟ್ಟಿಗೆಯ ತಳಕ್ಕೆ ಮೆತ್ತಿಕೊಂಡಿತ್ತು. ಉಳಿದದ್ದು ಸುಟ್ಟ ಹಪ್ಪಳದಂತೆ ಸುರುಟಿಕೊಂಡಿತ್ತು.

ಮಾಸ್ಟರು ಸ್ಟೂಲಿನ ಮೇಲೆ ಕುಸಿದು ಕೂತರು. ಪಕ್ಕದ ಸಲೂನಿನವನು ಅರ್ಧ ಗಡ್ಡ ಹೆರೆದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ಓಡಿ ಬಂದ. ವಿಷಯ ತಿಳಿದು, ಇದರಲ್ಲಿ ಅಳುವುದೇನಿದೆ, ಟೈಲರೇ ನೀವು, ಇನ್ನೊಂದು ಬೆಕ್ಕು ಹೊಲಿದರಾಯಿತು ಎಂದ.

ಹಳದಿ ಚಿಂದಿ ಇತ್ತು, ನೀಲಿ ಬಟ್ಟೆ ಇತ್ತು. ಇಪ್ಪತ್ತು ನಿಮಿಷದಲ್ಲಿ ಬೆಕ್ಕು ತಯಾರಾಯಿತು. ಮೂವರೂ ನೋಡಿದರು. ಹೊಲಿಗೆ ಸ್ಕೇಲು ಇಟ್ಟು ಎಳೆದ ಗೆರೆಯಂತಿತ್ತು. ಬೆಕ್ಕಿಗೆ ಕೋಟು ಹಾಕಿಸಿದ ಹಾಗೆ ಕಾಣುತ್ತಿತ್ತು.

"ಇದು ಎಂಟು ವರ್ಷದ ಮಗು ಹೊಲಿದ ಹಾಗಿದೆಯೇನೋ?" ಎಂದು ಅಜ್ಜಿ ಕೇಳಿದರು. "ಬಿಚ್ಚು."

ಎರಡನೆಯ ಸಲ ಮಾಸ್ಟರು ಬೇಕೆಂದೇ ಸೊಟ್ಟಗೆ ಹೊಲಿದರು. ಆದರೆ ಮೂವತ್ತು ವರ್ಷ ನೆಟ್ಟಗೆ ಹೊಲಿದ ಕೈ ಸೊಟ್ಟ ಹೊಲಿಗೆಯನ್ನೂ ಲೆಕ್ಕಾಚಾರವಾಗಿ ಹೊಲಿಯಿತು. ಅರ್ಧ ಇಂಚು ಎಡಕ್ಕೆ, ಅರ್ಧ ಇಂಚು ಬಲಕ್ಕೆ. ಸೀರೆಯ ಅಂಚಿನ ಡಿಸೈನಿನಂತೆ ಬಂತು. ಗುಂಡಿ ಅಜ್ಜಿ ಮತ್ತೆ ಬಿಚ್ಚು ಅಂದರು. ಸಲೂನಿನವನು ತಾನು ಕೆಲಸ ಕಲಿಯುವಾಗ ಒಂದು ತಲೆಯನ್ನು ಹೇಗೆ ಕೆಡಿಸಿದ್ದೆನೆಂದು ವಿವರಿಸಿ, ಎಡಗೈಯಲ್ಲಿ ಹೊಲಿಯಿರಿ ಎಂದು ಸಲಹೆ ಕೊಟ್ಟ. ಅರ್ಧ ಗಡ್ಡದ ಗಿರಾಕಿಯೂ ಬಂದು ನಿಂತು, ಹೊಲಿಯುವಾಗ ಕಿಟಕಿಯಾಚೆ ನೋಡುತ್ತಿರಬೇಕು, ತನ್ನ ಮಗ ಬರೆಯುವುದು ಹಾಗೆಯೇ ಎಂದ.

ಎಡಗೈ, ಕಿಟಕಿಯಾಚೆ ನೋಟ, ಎರಡೂ ಸೇರಿದವು. ಸೂಜಿ ಏಳು ಸಲ ಬೆರಳಿಗೆ ಚುಚ್ಚಿತು. ಹನ್ನೆರಡೂವರೆಗೆ ಎದ್ದುಬಂದ ಪ್ರಾಣಿಗೆ ಒಂದು ಕಣ್ಣು ಹಣೆಯಲ್ಲಿತ್ತು, ಇನ್ನೊಂದು ಕೆನ್ನೆಯಲ್ಲಿ. ಬಾಲ ಎಲ್ಲಿಂದ ಹೊರಟಿತು ಎಂಬುದು ಅದಕ್ಕೇ ಗೊತ್ತು. ಮಾಸ್ಟರು ಹಿಂದುಗಡೆ ತಮ್ಮ ಎಂದಿನ ಗಂಟು ಹಾಕಿ, ದಾರ ಕತ್ತರಿಸಿ, ಮುಖ ಬೇರೆಡೆಗೆ ತಿರುಗಿಸಿಕೊಂಡರು. ಅಜ್ಜಿ ಮಾತ್ರ ತೃಪ್ತಿಯಿಂದ ತಲೆದೂಗಿದರು.

"ಈಗ ಮಗು ಹೊಲಿದ ಹಾಗಾಯ್ತು ನೋಡು."

ಧೈರ್ಯಕ್ಕೆಂದು ಸಲೂನಿನವನೂ ಶಾಲೆಗೆ ಜೊತೆಗೆ ಬಂದ. ಬಾಗಿಲಲ್ಲೇ ಟೀಚರೊಬ್ಬರು ಬೆಕ್ಕನ್ನು ತೆಗೆದುಕೊಂಡು, ಚೂಟಿಯ ಹೆಸರಿನ ಚೀಟಿ ಅಂಟಿಸಿ ಗೋಡೆಗೆ ತೂಗುಹಾಕಿದರು.

ಸಭಾಂಗಣದಲ್ಲಿ ಮಕ್ಕಳು ಮುಂದೆ ಚಾಪೆಯ ಮೇಲೆ, ತಂದೆತಾಯಿಯರು ಹಿಂದೆ ಕುರ್ಚಿಗಳಲ್ಲಿ ಕೂತಿದ್ದರು. ಅವರಲ್ಲಿ ಅರ್ಧದಷ್ಟು ಜನ ತೊಟ್ಟಿದ್ದು ಮಾಸ್ಟರ ಕೈಯಲ್ಲಿ ತಯಾರಾದ ಬಟ್ಟೆ. ಈ ವರ್ಷ ಶಾಲೆಯ ಯೂನಿಫಾರಂ ಹೊಲಿಯುವ ಕೆಲಸವೂ ಅವರಿಗೇ ಸಿಕ್ಕಿತ್ತು. ತೀರ್ಪುಗಾರ್ತಿಯಾಗಿ ಬಂದ ಚಿತ್ರಕಲೆಯ ಮೇಡಂ ಗೋಡೆಯ ಉದ್ದಕ್ಕೂ ಕನ್ನಡಕ ಏರಿಸಿ ಇಳಿಸಿ ನಡೆದರು. ಬೆಂಕಿಕಡ್ಡಿಯ ಅರಮನೆ, ಮೂರು ಮಹಡಿಯ ದೀಪಸ್ತಂಭ, ತಿರುಗುವ ಗಾಳಿಯಂತ್ರ. ಒಂದರ ಮುಂದೆಯೂ ಅವರ ಮುಖ ಅರಳಲಿಲ್ಲ. ಬೆಕ್ಕಿನ ಮುಂದೆ ನಿಂತುಬಿಟ್ಟರು. ಇಡೀ ಕೋಣೆಯಲ್ಲಿ ಅಪ್ಪ ಅಮ್ಮ ಕೈ ಹಾಕದ ಕೆಲಸ ಇದೊಂದೇ, ಮಗುವಿನ ಕೈ ಎಂದರೆ ಇದು ಎಂದು ಹೇಳಿ, ಮೊದಲ ಬಹುಮಾನ ಅದಕ್ಕೇ ಎಂದರು.

ಚೂಟಿ ಎದ್ದು ನಿಂತಳು. ಗೋಡೆಯ ಮೇಲಿನ ಬೆಕ್ಕನ್ನು ನೋಡಿದಳು. ತಿರುಗಿ ಮೂರನೇ ಸಾಲಿನಲ್ಲಿದ್ದ ಅಪ್ಪನನ್ನು ನೋಡಿದಳು. ಮಾಸ್ಟರು ಮುಂದಿನ ಕುರ್ಚಿಯ ಬೆನ್ನನ್ನು ನೋಡಿದರು.

ಈ ವರ್ಷ ಒಂದು ಹೊಸ ನಿಯಮವಿದೆ ಎಂದು ಹೆಡ್ ಮೇಡಂ ಮೈಕಿನಲ್ಲಿ ಹೇಳಿದರು. ಬಹುಮಾನ ಬಂದ ಮಗು ಎಲ್ಲರ ಎದುರಿಗೆ ಒಂದಷ್ಟು ಮಾಡಿ ತೋರಿಸಬೇಕು. ಚೂಟಿಯನ್ನು ವೇದಿಕೆಗೆ ಕರೆದು ಕೈಗೆ ಬಟ್ಟೆ, ಸೂಜಿ, ದಾರ ಕೊಟ್ಟರು.

ಅವಳು ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸಿದಳು. ಅಂಚು ಮಡಿಸಿ ಉಗುರಿನಿಂದ ತೀಡಿದಳು. ಆಮೇಲೆ ಅವಳ ಕೈಯಿಂದ ಹೊಲಿಗೆಗಳು ಇರುವೆ ಸಾಲಿನಂತೆ, ಒಂದೇ ಅಳತೆಯಲ್ಲಿ, ಒಂದರ ಹಿಂದೆ ಒಂದು ಹೊರಟವು. ಮಾಸ್ಟರು ಕೂತಲ್ಲೇ ಮುಂದಕ್ಕೆ ಬಾಗಿದರು. ಒಂದು ವರ್ಷದಿಂದ ಚಿಂದಿ ಚೀಲ ಯಾಕೆ ಅಷ್ಟು ಬೇಗ ಖಾಲಿಯಾಗುತ್ತಿತ್ತು, ಬಿಚ್ಚಿ ನೋಡಬಾರದೆಂದು ಅವಳು ಯಾಕೆ ಆಣೆ ಮಾಡಿಸಿದಳು ಎನ್ನುವುದು ಅವರಿಗೆ ಆಗ ತಿಳಿಯಿತು. ಅವಳು ಕಾದಿದ್ದದ್ದು ಅಪ್ಪನ ಮುಖವನ್ನು ಇಲ್ಲಿ, ಗೋಡೆಯ ಮುಂದೆ ನೋಡುವುದಕ್ಕೆ.

ತೀರ್ಪುಗಾರ್ತಿ ಹೊಸ ಹೊಲಿಗೆಯನ್ನೂ ಬೆಕ್ಕನ್ನೂ ಪಕ್ಕಪಕ್ಕ ಹಿಡಿದರು. ಮುಖ ಬಿಗಿಯಾಯಿತು.

"ಇಷ್ಟು ಚೆನ್ನಾಗಿ ಹೊಲಿಯೋಳು ನೀನು. ಮತ್ತೆ ಈ ಬೆಕ್ಕು ಯಾರದಮ್ಮ? ಮನೇಲಿ ಚಿಕ್ಕ ತಂಗಿ ಇದಾಳಾ?"

"ಇಲ್ಲ ಮಿಸ್."

"ಹಾಗಾದ್ರೆ ಯಾವ ಪುಟ್ಟ ಮಗು ಹತ್ರ ಕಿತ್ಕೊಂಡು ಬಂದೆ?"

ಚೂಟಿ ಬೆಕ್ಕನ್ನು ತಿರುಗಿಸಿ ಹಿಂದಿನ ಗಂಟನ್ನು ನೋಡಿದಳು. ಯಾರದೆಂದು ಅವಳಿಗೆ ಗೊತ್ತಾಯಿತು. ಬಾಯಿ ಬಿಡಲಿಲ್ಲ. ಹಿಂದಿನ ಸಾಲುಗಳಲ್ಲಿ ಪಿಸುಮಾತು ಶುರುವಾಯಿತು.

ಮಾಸ್ಟರು ಎದ್ದು ನಿಂತರು. "ಅದು ನಾನು ಹೊಲಿದದ್ದು, ಮೇಡಂ."

ತೀರ್ಪುಗಾರ್ತಿ ಬೆಕ್ಕನ್ನೊಮ್ಮೆ, ಅವರನ್ನೊಮ್ಮೆ ನೋಡಿ ಅನುಕಂಪದಿಂದಲೇ ಕೇಳಿದರು. "ತಾವು ಏನು ಕೆಲಸ ಮಾಡ್ಕೊಂಡಿದೀರಿ?"

"ಟೈಲರ್."

ಗೆಳೆಯನ ಮಾನ ಕಾಪಾಡಲು ಇದೇ ಹೊತ್ತೆಂದು ಸಲೂನಿನವನೂ ಎದ್ದ.

"ಹಗುರವಾಗಿ ನೋಡ್ಬೇಡಿ ಮೇಡಂ. ಬೆಳಿಗ್ಗೆಯಿಂದ ಅಂಗಡಿ ಕೆಲಸ ಬಿಟ್ಟು ಕೂತು, ಎರಡು ಸಲ ಬಿಚ್ಚಿ, ಇನ್ನು ಇದಕ್ಕಿಂತ ಚೆನ್ನಾಗಿ ಬರೋದಿಲ್ಲ ಅಂತ ನಾವೆಲ್ಲ ಒಪ್ಪಿದ ಮೇಲೇ ತಂದಿದ್ದು."

ತೀರ್ಪುಗಾರ್ತಿ ಪೆನ್ನು ತೆಗೆದರು. 'ದೊಡ್ಡವರ ಕೈಕೆಲಸ' ಎಂದು ಬರೆಯಲು ಅವರಿಗೆ ಮನಸ್ಸು ಬರಲಿಲ್ಲ. ಹೆಸರಿನ ಮೇಲೆ ಸುಮ್ಮನೆ ಒಂದು ಗೆರೆ ಎಳೆದರು. ಎರಡನೇ ಸಾಲಿನಲ್ಲಿ ಒಬ್ಬಾಕೆ ತೋಳನ್ನು ಮೆಲ್ಲಗೆ ಎತ್ತಿ ಕಂಕುಳ ಹೊಲಿಗೆಯನ್ನು ಮುಟ್ಟಿನೋಡಿಕೊಂಡಳು. ಅವಳನ್ನು ನೋಡಿ ಪಕ್ಕದವರು. ಒಬ್ಬರು ಕೂತವರು ಏಳುವುದೇ ಬೇಡವೆಂದು ನಿರ್ಧರಿಸಿದಂತೆ ಪ್ಯಾಂಟನ್ನು ಹಿಡಿದುಕೊಂಡರು.

ಚೂಟಿ ವೇದಿಕೆಯಿಂದ ಇಳಿದು ಅಪ್ಪನ ಬಳಿ ಬಂದಳು.

"ನನ್ನ ಬೆಕ್ಕು?"

"ಇಸ್ತ್ರಿ ಪೆಟ್ಟಿಗೆ ಕೆಳಗೆ ಸಿಕ್ಕಿಹೋಯ್ತು ಪುಟ್ಟಾ."

"ಬಿಚ್ಚಿ ನೋಡಿದ್ದೆಯಾ?"

"ಇಲ್ಲ. ಆಣೆ."

ಅವಳು ಅಪ್ಪನ ಬಲಗೈ ಬೆರಳುಗಳ ಮೇಲಿನ ಸೂಜಿ ಗುರುತುಗಳನ್ನು ನೋಡಿದಳು. "ಎಡಗೈಲಿ ಹೊಲಿದೆ ಅಂತ ಆದ್ರೂ ಹೇಳಪ್ಪ ಅವರಿಗೆ."

ಮಾಸ್ಟರು ಗಂಟಲು ಸರಿಮಾಡಿಕೊಂಡು ಎಲ್ಲರಿಗೂ ಕೇಳುವಂತೆ ಹೇಳಿದರು. ಯಾರೂ ನಂಬಲಿಲ್ಲ. ಹೆಡ್ ಮೇಡಂ ಮೈಕನ್ನು ಕೆಳಗಿಟ್ಟು, ಕುರ್ಚಿಗಳ ನಡುವಿನಿಂದ ನಡೆದುಬಂದು, ಆದಷ್ಟು ಮೆತ್ತಗೆ ಕೇಳಿದರು.

"ಮಾಸ್ಟ್ರೇ, ಮಕ್ಕಳ ಯೂನಿಫಾರಂ ಬಟ್ಟೆಗೆ ಇನ್ನೂ ಕತ್ತರಿ ಹಾಕಿಲ್ಲ ತಾನೆ?"