ಹಳೇ ಬ್ಯಾಕಪ್ ಎರಡು

ಡಿಸ್ಕಪ್ಪನ ಎದೆ ಧಸಕ್ಕೆಂದದ್ದು ಒಂದು ಕೇಬಲ್ ನೋಡಿ. ಕಿರುಬೆರಳಿನಷ್ಟೂ ದಪ್ಪವಿಲ್ಲದ ಅದನ್ನು ಬಾಸ್ ಅವನ ಮೇಜಿನ ಮೇಲಿಟ್ಟು, "ನಾಲ್ಕು ಗಂಟೆಯೊಳಗೆ ಮೇಲಿನವರ ಸ್ವಿಚ್ಚು, ನಮ್ಮ ಸ್ವಿಚ್ಚು ಒಂದಾಗ್ಬೇಕು" ಎಂದರು.

ಮೇಲ್ಮಹಡಿಯ ವಿಮಾ ಕಂಪನಿಯನ್ನು ಕೆಳಮಹಡಿಯ ವಿಮಾ ಕಂಪನಿ ಕೊಂಡಿತ್ತು. ಕೆಳಗಿನ ಡಿಸ್ಕುಗಳನ್ನೆಲ್ಲ ನೋಡಿಕೊಳ್ಳುವವನಿಗೆ ಆಫೀಸು ಡಿಸ್ಕಪ್ಪ ಎಂದು ನಾಮಕರಣ ಮಾಡಿತ್ತು. ಸಿಟ್ಟು ಬಂದಾಗ ಹೆಂಡತಿಯೂ ಹಾಗೇ ಕರೆಯುತ್ತಿದ್ದಳು.

ಸ್ವಿಚ್ಚೆಂದರೆ ಕಂಪ್ಯೂಟರಿಗೂ ಡಿಸ್ಕಿಗೂ ನಡುವೆ ಬಾಗಿಲು ಕಾಯುವ ಪೆಟ್ಟಿಗೆ. ಯಾರು ಯಾವ ಡಿಸ್ಕನ್ನು ನೋಡಬಹುದು ಎಂಬ ಪಟ್ಟಿಗಳು ಅದರ ಬಳಿ ಇರುತ್ತವೆ. ಒಂದೊಂದು ಪಟ್ಟಿಯೂ ಒಂದೊಂದು ಜೋನ್. ಎರಡು ಸ್ವಿಚ್ಚು ಒಂದಾದರೆ ಪಟ್ಟಿಗಳೆಲ್ಲ ಎಲ್ಲರ ಕಣ್ಣಿಗೂ ಬೀಳುತ್ತವೆ. ನಮ್ಮ ಡಿಸ್ಕಪ್ಪ ಸದ್ದಿಲ್ಲದೆ ತನಗೂ ಒಂದು ಜೋನ್ ಮಾಡಿಕೊಂಡಿದ್ದ. ಅದರ ಹೆಸರು 'ಹಳೇ ಬ್ಯಾಕಪ್'. ಅದರಲ್ಲಿ ಮೂಲೆಯ ಹಳೆ ಸರ್ವರ್, ಒಂದು ಡಿಸ್ಕ್, ಆ ಡಿಸ್ಕಿನೊಳಗೆ ಅವನ ಮದುವೆಯ ವಿಡಿಯೋ. ಮನೆಯ ಕಂಪ್ಯೂಟರಿನಲ್ಲಿ ಜಾಗ ಸಾಲದೆ ಇಲ್ಲಿ ತಂದಿಟ್ಟಿದ್ದ. ಸರ್ವರ್‌ನ ಪಾಸ್‌ವರ್ಡ್ ಚೀಟಿ ಅದರ ನೆತ್ತಿಯ ಮೇಲೇ ಅಂಟಿಸಿದ್ದರೂ, ಅಂಥ ಹೆಸರಿನದನ್ನು ಯಾರು ತೆರೆದು ನೋಡುತ್ತಾರೆ ಎಂಬ ಧೈರ್ಯ ಅವನಿಗೆ.

ಮದುವೆಯಾಗಿ ಅಂದಿಗೆ ಹತ್ತು ವರ್ಷ. ಆರು ಗಂಟೆಗೆ ಅತ್ತೆ ಮಾವ ಆ ವಿಡಿಯೋ ನೋಡಲೆಂದೇ ಬರುವವರಿದ್ದರು. "ಮರೆತು ಬಂದ್ರೆ ಆಫೀಸಲ್ಲೇ ಮಲ್ಕೊಳ್ಳಿ" ಎಂದು ಹೆಂಡತಿ ಬೆಳಿಗ್ಗೆಯೇ ಹೇಳಿ ಕಳಿಸಿದ್ದಳು.

ಹನ್ನೊಂದಕ್ಕೆ ಕೇಬಲ್ ಚುಚ್ಚಿದರು. ಎರಡು ಸ್ವಿಚ್ಚುಗಳೂ ತಮ್ಮ ತಮ್ಮ ಪಟ್ಟಿ ಹೋಲಿಸಿಕೊಂಡು, ಜಗಳವಾಡಿದ ವಾರಗಿತ್ತಿಯರಂತೆ ಮುಖ ತಿರುಗಿಸಿಕೊಂಡವು. ಪರದೆಯ ಮೇಲೆ ಕೆಂಪಕ್ಷರ ಮೂಡಿತು: ಒಂದೇ ಹೆಸರಿನ ಎರಡು ಜೋನ್, ಒಳಗಿರುವುದು ಬೇರೆ ಬೇರೆ, ಜೋಡಿಸಲಾಗದು. ಹೆಸರು, ಹಳೇ ಬ್ಯಾಕಪ್.

"ನಮ್ಮದು ಬಹಳ ಮುಖ್ಯವಾದದ್ದು" ಎಂದರು ಮೇಲ್ಮಹಡಿಯ ಡಿಸ್ಕುಗಳನ್ನು ನೋಡಿಕೊಳ್ಳುವ ಮೇಡಂ, ಗೋಡೆ ನೋಡುತ್ತ.

"ನಮ್ಮದೂ" ಎಂದ ಡಿಸ್ಕಪ್ಪ, ನೆಲ ನೋಡುತ್ತ.

"ಏನಿದೆ ಅದರಲ್ಲಿ?" ಹೆಡ್ ಆಫೀಸಿನಿಂದ ತಪಾಸಣೆಗೆ ಬಂದಿದ್ದ ಅಧಿಕಾರಿ ಕೇಳಿದರು.

"ಹಳೇದು" ಎಂದರು ಇಬ್ಬರೂ ಒಟ್ಟಿಗೆ.

"ಹಳೇದನ್ನ ಯಾಕೆ ಕೆದಕೋದು ಸಾರ್, ಹೆಸರು ಬದಲಾಯಿಸಿದ್ರೆ ಆಯ್ತಲ್ಲ" ಎಂದು ಬಾಸ್ ನಡುವೆ ಬಾಯಿ ಹಾಕಿದರು. ಬಾಸ್ ತನ್ನ ಪರ ಮಾತಾಡಿದ್ದು ಇದೇ ಮೊದಲು ಎಂದು ಡಿಸ್ಕಪ್ಪನಿಗೆ ಕಣ್ಣು ತುಂಬಿ ಬಂತು.

ಯಾರ ಹೆಸರು ಬದಲಾಗಬೇಕೆಂದು ಯಾರೂ ಕೇಳಲಿಲ್ಲ. ಇಬ್ಬರೂ ಓಡಿಹೋಗಿ ತಂತಮ್ಮ ಜೋನಿಗೆ ಹೊಸ ಹೆಸರಿಟ್ಟು ಬಂದರು. ಹನ್ನೆರಡಕ್ಕೆ ಮತ್ತೆ ಕೇಬಲ್ ಚುಚ್ಚಿದರು. ಮತ್ತೆ ಕೆಂಪಕ್ಷರ. ಹೆಸರು, ಹಳೇ ಬ್ಯಾಕಪ್ ಎರಡು.

ಅಧಿಕಾರಿ ಕನ್ನಡಕ ತೆಗೆದರು. "ಅದೇನೂ ಕೆಲಸಕ್ಕೆ ಬೇಕಾದದ್ದಲ್ಲ ಅನ್ನೋದಾದ್ರೆ ಈಗ್ಲೇ ಅಳಿಸಿ. ನಾಲ್ಕು ಗಂಟೆಗೆ ಉಳಿದಿದ್ರೆ ತೆರೆದು ನೋಡ್ತೀನಿ. ಯಾರದಾದ್ರೂ ಸ್ವಂತದ್ದು ಸಿಕ್ತೋ, ಅವರು ನಾಳೆಯಿಂದ ಬರೋದು ಬೇಡ." ಬಳಿಕ ಬಾಸ್ ಕಡೆ ತಿರುಗಿ, "ನೀವು ಬನ್ನಿ, ಫೈಲ್ ನೋಡೋದಿದೆ" ಎಂದರು. ಅವರ ಹಿಂದೆ ಹೊರಟ ಬಾಸ್ ಮುಖ ಬಿಳಿಚಿಕೊಂಡಿತ್ತು. ಪಾಪ, ಊಟ ತಪ್ಪಿತಲ್ಲ ಎಂದು ಡಿಸ್ಕಪ್ಪ ಮರುಗಿದ.

ಪೆನ್‌ಡ್ರೈವ್ ಹಿಡಿದು ಅವನು ಮೂಲೆಯ ಸರ್ವರ್ ಮುಂದೆ ಕೂತ. ಡಿಸ್ಕಿನಲ್ಲಿ 'ಮದುವೆ' ಎಂದೊಂದು, 'ಮದುವೆ ವಿಡಿಯೋ' ಎಂದೊಂದು ಕಡತವಿತ್ತು. ಎರಡು ಸಲ ಯಾವಾಗ ಹಾಕಿದೆನೋ ಎಂದು ತಲೆ ಕೆರೆದುಕೊಂಡ. ಪೆನ್‌ಡ್ರೈವಿನಲ್ಲಿ ಒಂದಕ್ಕೇ ಜಾಗ. ತೆರೆದು ನೋಡೋಣವೆಂದರೆ ಪಕ್ಕದ ಮೇಜಿನವರು ಕತ್ತು ನೀಡಿದರು. "ಏನಪ್ಪಾ ಅದು, ಸಿನಿಮಾನಾ? ನಮಗೂ ಒಂದು ಹಾಕ್ಕೊಡು."

"ಬ್ಯಾಕಪ್ ಸಾರ್, ಹಳೇದು" ಎಂದು ಬೆವರೊರೆಸಿಕೊಂಡ. ದೊಡ್ಡದೇ ಪೂರ್ತಿ ಇರುವುದೆಂದು ಅದನ್ನು ತುಂಬಿಕೊಂಡ. ಅದು ತೆವಳುತ್ತ ಮುಗಿಯುವಾಗ ಮೂರೂ ಐವತ್ತು. ಡಿಸ್ಕನ್ನು ಕುರುಹಿಲ್ಲದಂತೆ ಒರೆಸಿ, ಜೋನನ್ನೂ ಅಳಿಸಿದ.

ನಾಲ್ಕಕ್ಕೆ ಸ್ವಿಚ್ಚುಗಳು ಹಸಿರು ದೀಪ ಹೊತ್ತಿಸಿ ಒಂದಾದವು. ಮೇಡಂ ಅವನ ಪಕ್ಕ ಬಂದು, "ನೂರಿಪ್ಪತ್ತು ಕಂತು ಧಾರಾವಾಹಿ ಕಣ್ರೀ, ಕೊನೆಯದು ಇನ್ನೂ ನೋಡಿರ್ಲಿಲ್ಲ" ಎಂದು ಮೂಗೊರೆಸಿಕೊಂಡರು. ಡಿಸ್ಕಪ್ಪ ಜೇಬು ಮುಟ್ಟಿ ನೋಡಿಕೊಂಡ. ಅವನಷ್ಟು ಸುಖಿ ಆ ಎರಡು ಮಹಡಿಗಳಲ್ಲಿ ಇನ್ನೊಬ್ಬರಿರಲಿಲ್ಲ.

ಮನೆಯ ಮೆಟ್ಟಿಲು ಹತ್ತುವಾಗ ಬಾಸ್ ಫೋನು ಬಂತು. ದನಿ ಒಡೆದಿತ್ತು. "ಆ ಮೂಲೆ ಸರ್ವರ್ ಡಿಸ್ಕು... ಪೂರ್ತಿ ಒರೆಸಿಬಿಟ್ಯೇನಪ್ಪಾ? ಯಾರೂ ಮುಟ್ಟಲ್ಲ ಅಂತ ನಂದೂ ಒಂದು ಅಲ್ಲಿಟ್ಟಿದ್ದೆ. ನೀನು ಅದೇನಾದ್ರೂ ತೆಗೆದಿಟ್ಟಿದ್ದೀಯಾ?"

"ಅಯ್ಯೋ ಸಾರ್, ನಾನು ಅದರೊಳಗೆ ಇಣುಕಿ ಕೂಡ ನೋಡಿಲ್ಲ. ಹೆಂಡ್ತಿ ಮೇಲಾಣೆ."

ಒಳಗೆ ಎಲ್ಲರೂ ಟಿವಿ ಮುಂದೆ ಸಾಲಾಗಿ ಕೂತಿದ್ದರು. ಡಿಸ್ಕಪ್ಪ ಪೆನ್‌ಡ್ರೈವ್ ಸಿಕ್ಕಿಸಿ, ಹೆಂಡತಿಯ ಪಕ್ಕ ಗತ್ತಿನಿಂದ ಕೂತ. ಪರದೆಯ ತುಂಬ ಬಾಸ್ ಮೂಡಿದರು. ಮದುವಣಗಿತ್ತಿ ಮಗಳನ್ನು ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿದ್ದರು.

"ಇವರು ನಿಮ್ಮ ಕಡೆಯವರಾ ಅಳಿಯಂದಿರೇ?" ಮಾವ ಕೇಳಿದರು.

ಡಿಸ್ಕಪ್ಪ ರಿಮೋಟಿಗೆ ಕೈ ಚಾಚಿದ. ಕ್ಯಾಮೆರಾ ಪಕ್ಕಕ್ಕೆ ಸರಿದು ಊಟದ ಸಾಲು ತೋರಿಸಿತು. ಅಲ್ಲಿ, ಎರಡೂ ಕೆನ್ನೆ ಉಬ್ಬಿಸಿಕೊಂಡು, ಅವನೇ ಕೂತಿದ್ದ.

"ನೀವೇನೋ ಇದ್ದೀರಿ" ಎಂದಳು ಹೆಂಡತಿ, ತಣ್ಣಗೆ. "ನಾನೆಲ್ಲಿ, ಡಿಸ್ಕಪ್ಪ?"